ಶಿಡ್ಲಘಟ್ಟದ ಅರ್ಧ ಗೋಡೆ

ಮೊನ್ನೆ ಚಿಕ್ಕಬಳ್ಳಾಪುರದ ತರಕಾರಿ ಮಂಡಿಯ ಮುಂದೆ ಆಟೋಗೆ ಕಾಯುತ್ತಾ ನಿಂತಿದ್ದೆ. ಯಾರೋ ಹೂಕೋಸಿನ ಮೂಟೆಗಳ ಮೇಲೆ ನೆನೆಸಿದ ಗೋಣಿಚೀಲ ಹೊದಿಸಿದ್ದರು. ಬಿಸಿಲಿಗೆ ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಪಕ್ಕದಲ್ಲಿ ಕೊತ್ತಂಬರಿ ಕಟ್ಟುತ್ತಿದ್ದ ಹೆಂಗಸು ಗಾಬರಿಯಿಂದ ನನ್ನನ್ನು ನೋಡಿ, ಕೂತುಕೊಳ್ಳುತ್ತೀರಾ ಎಂದು ಕೇಳಿದಳು. ನನಗೇನೂ ಆಗಿಲ್ಲ ತಾಯಿ, ಒಂದು ಗಳಿಗೆ ಇಪ್ಪತ್ತೆರಡು ವರ್ಷದವಳಾಗಿಬಿಟ್ಟಿದ್ದೆ ಅಷ್ಟೆ ಎಂದು ಹೇಳಲಾಗುತ್ತದೆಯೇ? ನಕ್ಕುಬಿಟ್ಟೆ.

ನೆನೆದ ಗೋಣಿಚೀಲ ಬೇರೆಯವರಿಗೆ ಬರೀ ಗೋಣಿಚೀಲ. ನನಗೆ ಅದು ಶಿಡ್ಲಘಟ್ಟದಲ್ಲಿ ಕಳೆದ ಮೊದಲನೆಯ ವರ್ಷ. ಅರವತ್ತನೇ ಇಸವಿಯ ಆಸುಪಾಸು. ಕನ್ನಡ ನಾಡೆಲ್ಲ ಒಂದಾಗಿ ಇನ್ನೂ ನಾಲ್ಕೈದು ವರ್ಷವಾಗಿತ್ತು, ಕರಾವಳಿಯ ಮೇಷ್ಟ್ರೊಬ್ಬರು ಕೋಲಾರದ ಕಡೆಗೆ ವರ್ಗ ಕೇಳಿಕೊಂಡು ಹೋಗುತ್ತಾರೆಂದರೆ ನೆಂಟರೆಲ್ಲ ತಲೆ ಸರಿಯಿದೆಯೇ ಎಂದು ಕೇಳುತ್ತಿದ್ದ ಕಾಲ. ಹಾಗೆ ಕೇಳಿಸಿಕೊಂಡವರು ನನ್ನ ಯಜಮಾನರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ತಲೆ ಸರಿಯಾಗಿಯೇ ಇತ್ತು. ಸರಿ ಇಲ್ಲದಿದ್ದದ್ದು ನನ್ನ ಎದೆ.

ನನಗೆ ಚಿಕ್ಕಂದಿನಿಂದ ಉಬ್ಬಸ. ಬೇಸಗೆಯಲ್ಲಿ ಎಲ್ಲರ ಹಾಗೆ ಓಡಾಡಿಕೊಂಡಿರುತ್ತಿದ್ದೆ. ಜೂನ್ ಬಂತೆಂದರೆ ಮುಗಿಯಿತು, ಮಳೆ ಹೊರಗೆ, ನಾನು ಒಳಗೆ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಅವುಗಳಿಗೆ ಆತುಕೊಂಡು ಕೂತು ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಸೇದಬೇಕು. ಮದುವೆಯಾದ ಎರಡನೆಯ ಮಳೆಗಾಲವಂತೂ ನನ್ನನ್ನು ಹಣ್ಣು ಮಾಡಿಬಿಟ್ಟಿತು. ಆಗ ನಮ್ಮ ಮಾವನವರು ಮಗನನ್ನು ಕರೆದು ಕೂರಿಸಿಕೊಂಡು, ಹುಡುಗಿಯನ್ನು ತವರಿಗೆ ಕಳಿಸಿಬಿಡೋಣ, ಅಲ್ಲಿ ಅವಳ ತಾಯಿ ನೋಡಿಕೊಳ್ಳಲಿ, ನೀನು ರಜೆಗೆ ಹೋಗಿ ನೋಡಿಕೊಂಡು ಬಾ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಮನೆಯಲ್ಲಿ ಒಂದು ಜೀವ ಹೀಗೆ ಒದ್ದಾಡುವುದನ್ನು ನೋಡಲಾರದೆ ಹೇಳಿದ ಮಾತು ಅದು. ಆದರೆ ತವರಿಗೆ ಹೋದವಳು ಮತ್ತೆ ಬರುವುದು ಯಾವಾಗ ಎಂದು ಯಾರೂ ಹೇಳಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನನಗೆ ಉತ್ತರ ಗೊತ್ತಿತ್ತು.

ಇವರು ಮಾರನೆಯ ದಿನ ಶಾಲೆಯಿಂದ ಮಳೆಯ ನಕ್ಷೆಯೊಂದನ್ನು ಸುರುಳಿ ಸುತ್ತಿ ತಂದು ಹಾಸಿಗೆಯ ಮೇಲೆ ಹರಡಿದರು. ನಮ್ಮ ಊರಿನ ಪಟ್ಟಿ ಕಡುನೀಲಿ. ಘಟ್ಟ ಹತ್ತಿದರೆ ನೀಲಿ ತಿಳಿಯಾಗುತ್ತದೆ, ಆಮೇಲೆ ಹಸಿರು, ಆಮೇಲೆ ಹಳದಿ. ಇವರ ಬೆರಳು ಹಳದಿಯನ್ನೂ ದಾಟಿ ಪೂರ್ವದ ಮೂಲೆಗೆ ಹೋಗಿ ನಿಂತಿತು. ಗಾಳಿ ಅರಬ್ಬಿ ಸಮುದ್ರದಿಂದ ತುಂಬಿದ ಕೊಡ ಹೊತ್ತು ಬರುತ್ತದೆ, ಘಟ್ಟ ಹತ್ತುವಾಗ ಮುಕ್ಕಾಲು ಚೆಲ್ಲಿಕೊಳ್ಳುತ್ತದೆ, ಉಳಿದದ್ದು ದಾರಿಯುದ್ದಕ್ಕೂ ಸೋರಿ ನಂದಿಬೆಟ್ಟದ ಹತ್ತಿರ ಬರುವ ಹೊತ್ತಿಗೆ ಕೊಡ ಖಾಲಿ ಎಂದು ವಿವರಿಸಿದರು. ಆ ಖಾಲಿ ಕೊಡದ ಕೆಳಗಿನ ಊರುಗಳು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಮೂರಕ್ಕೂ ಅರ್ಜಿ ಹಾಕಿದರು. ಎರಡು ಕಡೆ ಜಾಗ ಖಾಲಿ ಇರಲಿಲ್ಲವಂತೆ. ಶಿಡ್ಲಘಟ್ಟ ಸಿಕ್ಕಿತು. ಹೆಂಡತಿಗೋಸ್ಕರ ಸೀರೆ ಆರಿಸಿದವರನ್ನು, ಒಡವೆ ಆರಿಸಿದವರನ್ನು ಕಂಡಿದ್ದೇನೆ. ನಕ್ಷೆ ಹಾಸಿಕೊಂಡು ಹವೆ ಆರಿಸಿದವರು ಇವರೊಬ್ಬರೇ ಇರಬೇಕು.

ಮಾವನವರು ಒಂದು ವರ್ಷಕ್ಕೆ ಒಪ್ಪಿದರು. ಒಂದು ಮಳೆಗಾಲ ಅಲ್ಲಿ ಸರಿಯಾಗಿ ಕಳೆದರೆ ಇರಿ. ಅಲ್ಲಿಯೂ ಹೀಗೆಯೇ ಆದರೆ ಹುಡುಗಿಯನ್ನು ತವರಿಗೆ ಕಳಿಸುವುದೇ ಸರಿ, ಆಮೇಲೆ ನನ್ನ ಮಾತಿಗೆ ಎದುರಾಡಬಾರದು ಎಂದರು. ಇವರು ಆಗಲಿ ಎಂದರು.

ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ಆಗ ಪುಟ್ಟ ರೈಲು. ಆಟದ ಸಾಮಾನಿನಂಥ ಡಬ್ಬಿಗಳು, ಇಳಿದು ಪಕ್ಕದಲ್ಲಿ ನಡೆದರೂ ಹಿಂದೆ ಬೀಳಲಾರೆವು ಎಂಬಂಥ ವೇಗ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕಿಟಕಿಯಿಂದ ನೋಡುತ್ತೇನೆ, ಹಸಿರೆಂಬುದು ಕೆರೆಯ ಕೆಳಗೆ ಮಾತ್ರ. ಉಳಿದದ್ದೆಲ್ಲ ಕೆಂಪು ಮಣ್ಣು, ಬೋಳು ಬಂಡೆ, ನಡುನಡುವೆ ಹುಣಸೆಮರ. ನಮ್ಮ ಕಡೆಯವರು ಯಾರಾದರೂ ನೋಡಿದ್ದರೆ ಅಯ್ಯೋ ಅನ್ನುತ್ತಿದ್ದರು. ನಾನು ಮೂಗರಳಿಸಿ ಉಸಿರೆಳೆದುಕೊಂಡೆ. ಗಾಳಿ ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಎಲ್ಲೂ ತಡೆಯದೆ ಎದೆಯ ಬುಡದವರೆಗೂ ಇಳಿಯಿತು. ಇವರು ಓದುವ ನಟನೆ ಮಾಡುತ್ತಾ ಪೇಪರಿನ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ಮನೆ ಸಿಕ್ಕಿದ್ದು ಪಿಳ್ಳಪ್ಪ ಮತ್ತು ಅಕ್ಕಯ್ಯಮ್ಮ ಎಂಬ ಗಂಡ ಹೆಂಡಿರದು. ಸಾದಲಿಯ ದಾರಿಯಲ್ಲಿ ಅವರಿಗೆ ಹೊಲ, ಹಿಪ್ಪುನೇರಳೆ ತೋಟ ಇತ್ತು, ವಾಸ ಊರಿನಲ್ಲಿ. ಪಿಳ್ಳಪ್ಪ ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಅಕ್ಕಯ್ಯಮ್ಮ ಆಡುತ್ತಿದ್ದಳು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ನಲವತ್ತು ದಾಟಿದ, ಹಣೆಗೆ ಕಾಸಿನಗಲ ಕುಂಕುಮವಿಡುವ ಹೆಂಗಸು. ನನ್ನ ಪುಸ್ತಕದಂಥ ಕನ್ನಡ ಕೇಳುವುದೇ ಅವಳಿಗೊಂದು ಮೋಜು. ಮನೆ ದೊಡ್ಡದು, ಹೆಂಚಿನದು. ಒಂದು ಪಕ್ಕದ ಎರಡು ಕೋಣೆಗಳನ್ನು ನಮಗೆ ಕೊಟ್ಟಿದ್ದರು. ನಡುಮನೆಗೂ ನಮ್ಮ ಕೋಣೆಗೂ ಮಧ್ಯೆ ಒಂದು ಮಣ್ಣಿನ ಗೋಡೆ ಇತ್ತು. ಅದು ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ನಿಂತುಬಿಟ್ಟಿತ್ತು. ಅಲ್ಲಿಂದ ಹೆಂಚಿನವರೆಗೂ ಖಾಲಿ. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುತ್ತಿತ್ತು, ಆ ಕಡೆ ಈರುಳ್ಳಿ ಹುರಿದರೆ ಈ ಕಡೆ ಬಾಯಲ್ಲಿ ನೀರೂರುತ್ತಿತ್ತು. ಗಾಳಿಯಾಡುತ್ತದೆ, ಒಳ್ಳೆಯದೇ ಆಯಿತು ಎಂದು ನಮ್ಮ ಭೂಗೋಳದ ಮೇಷ್ಟ್ರು ಅದನ್ನು ಮೆಚ್ಚಿದರು.

ಮೇ ಕಳೆಯಿತು, ಜೂನ್ ಬಂತು. ನಮ್ಮೂರಿನಲ್ಲಿ ಮಳೆ ಹಿಡಿದಿರುತ್ತದೆ ಎಂದು ದಿನಾ ಬೆಳಿಗ್ಗೆ ನೆನೆಸಿಕೊಳ್ಳುತ್ತಿದ್ದೆ. ಇಲ್ಲಿ ಬಿಳಿ ಮೋಡಗಳು ನಂದಿಯ ಕಡೆಯಿಂದ ಬಂದು ನಮ್ಮ ತಲೆಯ ಮೇಲೆ ಹಾದು ಆಂಧ್ರದ ಕಡೆ ಹೋಗುತ್ತಿದ್ದವು, ಸಂತೆಯಲ್ಲಿ ಬರಿಗೈಯಲ್ಲಿ ತಿರುಗುವವರ ಹಾಗೆ. ನಾನು ನೀರು ಸೇದಿದೆ, ಬಟ್ಟೆ ಒಗೆದೆ, ರಾಗಿ ಬೀಸುವುದು ಕಲಿತೆ. ಒಂದು ಸಲವೂ ದಮ್ಮು ಕಟ್ಟಲಿಲ್ಲ. ಊರಿನ ವೈದ್ಯರು ಕೊಟ್ಟಿದ್ದ ಹೊಗೆಪುಡಿಯ ಡಬ್ಬಿ ಗೂಡಿನಲ್ಲಿ ಧೂಳು ತಿನ್ನುತ್ತಾ ಕೂತಿತು. ಉಬ್ಬಸ ಬಂದಾಗ ಆ ಪುಡಿಯನ್ನು ತಟ್ಟೆಯಲ್ಲಿ ಹಾಕಿ, ಕಡ್ಡಿ ಗೀರಿ ಹಚ್ಚಿ, ಅದರ ಹೊಗೆ ಸೇದಿದರೆ ಮಾತ್ರ ನನ್ನ ಎದೆ ಸಡಿಲವಾಗುತ್ತಿದ್ದದ್ದು.

ಸಂಜೆ ಇವರು ಮರುದಿನದ ಪಾಠವನ್ನು ಮೊದಲು ನನಗೆ ಹೇಳುತ್ತಿದ್ದರು. ಆ ವರ್ಷ ಏಷ್ಯಾ ಖಂಡ. ನಮ್ಮ ಕೋಣೆಯ ಗೋಡೆಗೆ ನಕ್ಷೆ ತೂಗುಹಾಕಿ, ಒಲೆ ಊದುವ ಕೊಳವೆಯಿಂದ ತೋರಿಸುವರು. ಇಲ್ಲಿ ಸೈಬೀರಿಯ, ನೆಲವೇ ಕಲ್ಲಾಗಿ ಹೆಪ್ಪುಗಟ್ಟುವ ಜಾಗ. ಇಲ್ಲಿ ಗೋಬಿ ಮರುಭೂಮಿ, ಯಾವ ಸಮುದ್ರದ ಗಾಳಿಯೂ ಇಷ್ಟು ದೂರ ನೀರು ಹೊತ್ತು ಬರಲಾರದು. ಇಲ್ಲಿ ಅಸ್ಸಾಮಿನ ಬೆಟ್ಟಗಳು, ಕೊಡೆ ಮಡಚುವುದನ್ನೇ ಮರೆತ ಜನ. ಖಂಡ ಒಂದೇ, ಸೂರ್ಯ ಒಬ್ಬನೇ. ಆದರೆ ಸಮುದ್ರ ಎಷ್ಟು ದೂರ, ನೆಲ ಎಷ್ಟು ಎತ್ತರ, ಗಾಳಿ ಎತ್ತಣಿಂದ, ಅಡ್ಡ ಯಾವ ಬೆಟ್ಟ ನಿಂತಿದೆ, ಇಷ್ಟರ ಮೇಲೆ ಒಬ್ಬೊಬ್ಬರ ಹಣೆಬರಹ ಒಂದೊಂದು ಥರ. ಹಿಮಾಲಯವೊಂದು ಇಲ್ಲದೇ ಹೋಗಿದ್ದರೆ ಉತ್ತರದ ಕೊರೆಯುವ ಗಾಳಿ ನೇರ ಒಳಗೆ ನುಗ್ಗುತ್ತಿತ್ತು, ನಮ್ಮ ಮಳೆ ನಿಲ್ಲದೆ ಆಚೆ ಹೋಗಿಬಿಡುತ್ತಿತ್ತು ಎನ್ನುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಗೋಡೆಯ ಆಚೆಯಿಂದ ಅಕ್ಕಯ್ಯಮ್ಮನೂ ಕೇಳಿಸಿಕೊಳ್ಳುತ್ತಿದ್ದಳು. ಸೈಬೀರಿಯದಲ್ಲಿ ಹುಳ ಸಾಕುತ್ತಾರಾ ಎಂದು ಒಂದು ದಿನ ಅಲ್ಲಿಂದಲೇ ಪ್ರಶ್ನೆ ಬಂತು. ಇಲ್ಲ, ಅಲ್ಲಿ ಸೊಪ್ಪು ಬೆಳೆಯುವುದಿಲ್ಲ ಎಂದರು ಇವರು. ಪಾಪ ಎಂದಳು.

ಹುಳ ಎಂದರೆ ರೇಷ್ಮೆಹುಳ. ನಾವು ಬಂದಾಗ ಬೇಸಗೆ, ತೋಟದಲ್ಲಿ ಸೊಪ್ಪಿರಲಿಲ್ಲ, ಮನೆಯಲ್ಲಿ ಹುಳವೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಬಿದಿರಿನ ತಟ್ಟೆಗಳನ್ನು ನಾವು ಮೊರದಂಥವೇನೋ ಎಂದುಕೊಂಡಿದ್ದೆವು. ಎರಡು ಮಳೆ ಬಿದ್ದು ಸೊಪ್ಪು ಚಿಗುರಿದ್ದೇ, ಅಕ್ಕಯ್ಯಮ್ಮ ನಡುಮನೆಗೆ ಸಗಣಿ ಸಾರಿಸಿ ಮೊಟ್ಟೆ ತಂದಿಟ್ಟಳು. ಅಲ್ಲಿಂದ ಮನೆಯ ಕಾನೂನೇ ಬದಲಾಯಿತು. ಮರಿಹುಳಕ್ಕೆ ಒಣಗಾಳಿ ಆಗದು. ಬಾಗಿಲು ಕಿಟಕಿಗಳಿಗೆಲ್ಲ ನೆನೆಸಿದ ಗೋಣಿಚೀಲ ಇಳಿಬಿಟ್ಟು, ಒಣಗಿದಂತೆಲ್ಲ ನೀರು ಚಿಮುಕಿಸುತ್ತಿದ್ದರು. ಇನ್ನು ವಾಸನೆ. ಬೀಡಿ, ಊದುಬತ್ತಿ, ಮಲ್ಲಿಗೆ ಹೂವು, ಯಾವುದೂ ಕೂಡದು. ಒಗ್ಗರಣೆ ಸುತರಾಂ ಕೂಡದು. ಹೊಗೆಯಾಗಲಿ ಘಾಟಾಗಲಿ ತಗುಲಿದರೆ ಹುಳ ತಲೆಯೆತ್ತಿ ನಿಂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಗೋಡೆ ಅರ್ಧವೇ ಇದ್ದದ್ದರಿಂದ ಈ ಕಾನೂನು ನಮ್ಮ ಅಡುಗೆಗೂ ಬಂತು. ತೆಂಗಿನೆಣ್ಣೆಯಲ್ಲಿ ಸಾಸಿವೆ ಕರಿಬೇವು ಸಿಡಿಯದೆ ಅನ್ನ ಇಳಿಯದ ನಮ್ಮ ಮೇಷ್ಟ್ರು ಸಪ್ಪೆ ಸಾರನ್ನು ಕಣ್ಣುಮುಚ್ಚಿ ನುಂಗುತ್ತಿದ್ದರು.

ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಪೊರೆ ಬಿಡುವ ಮೊದಲು ತಿನ್ನುವುದು ಬಿಟ್ಟು ಮಂಕಾಗಿ ಕೂರುವುದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಎಲ್ಲಿಲ್ಲದ ಹಸಿವು. ಅದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಮಲಗಿದ್ದವಳಿಗೆ ಜಿಟಿಜಿಟಿ ಮಳೆಯ ಸದ್ದು ಕೇಳಿಸಿತು. ಬೆಚ್ಚಿಬಿದ್ದು ಎದ್ದು ಹಿತ್ತಲಿಗೆ ಓಡಿ, ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ಬಾಚಿ ತಬ್ಬಿಕೊಂಡು ಒಳಗೆ ಬರುತ್ತೇನೆ, ತಲೆಯ ಮೇಲೆ ಸುಡುಬಿಸಿಲು. ಸದ್ದು ಮಾತ್ರ ನಿಂತಿಲ್ಲ. ಸೊಪ್ಪಿನ ಮಂಕರಿ ಹೊತ್ತು ಬರುತ್ತಿದ್ದ ಅಕ್ಕಯ್ಯಮ್ಮ ನನ್ನನ್ನು ನೋಡಿ ಏನಾಯಿತೆಂದಳು. ಮಳೆ ಎಂದೆ. ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಕೈಹಿಡಿದು ಕರೆದುಕೊಂಡು ಹೋಗಿ ನಡುಮನೆಯ ಬಾಗಿಲಲ್ಲಿ ನಿಲ್ಲಿಸಿದಳು. ಸಾಲುಸಾಲು ತಟ್ಟೆಗಳಲ್ಲಿ ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯುತ್ತಿದ್ದವು. ಅದರ ಸದ್ದು ಅದು. ಕರಾವಳಿಯವಳಲ್ಲದೆ ಬೇರೆ ಯಾರೂ ಆ ಸದ್ದಿಗೆ ಹೆದರಿ ಬಟ್ಟೆ ತೆಗೆಯುತ್ತಿರಲಿಲ್ಲ. ಬೀದಿಯಲ್ಲಿ ಆ ಕಥೆ ಬಹಳ ದಿನ ಓಡಾಡಿತು.

ಆದರೆ ಆ ಹುಳದ ಬೆಳೆಯ ಹೊತ್ತಿಗೇ ನನ್ನ ಎದೆಯಲ್ಲಿ ಸಣ್ಣ ಸಿಳ್ಳೆ ಶುರುವಾಗಿತ್ತು. ಒದ್ದೆ ಗೋಣಿಯ ಥಂಡಿ ಗೋಡೆ ಹಾರಿ ನಮ್ಮ ಕೋಣೆಗೆ ಇಳಿಯುತ್ತಿತ್ತು. ಇವರು ಒಂದು ದಿನ ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಗೋಬಿ ಮರುಭೂಮಿಗೆ ಬಂದು ಅಸ್ಸಾಮಿನಲ್ಲಿ ಮನೆ ಹಿಡಿದುಬಿಟ್ಟೆನಲ್ಲೇ ಎಂದರು. ಖಂಡಕ್ಕೆ ಹವೆ ಇರುವಂತೆ ಒಂದು ಮನೆಯೊಳಗೂ ಹವೆ ಇರುತ್ತದೆ ಎಂದು ನಕ್ಷೆ ಹೇಳಿರಲಿಲ್ಲ. ಬೇರೆ ಮನೆ ಹುಡುಕಿದರು. ಆ ಊರಿನಲ್ಲಿ ಹುಳವಿಲ್ಲದ ಮನೆ ಎಲ್ಲಿಂದ ತರುವುದು? ಇದ್ದರೆ ಅಲ್ಲಿ ರೇಷ್ಮೆ ಬಿಚ್ಚುವ ಒಲೆ, ಅದರ ಹಬೆ. ಬೆಳೆ ಮುಗಿದು ಗೋಣಿ ತೆಗೆದ ಮೇಲೆ ಸಿಳ್ಳೆಯೂ ನಿಂತಿತು. ಇದೇ ನನ್ನ ಮಳೆಗಾಲವಿದ್ದೀತು, ದಾಟಿದೆ ಎಂದು ಧೈರ್ಯ ತಂದುಕೊಂಡೆ. ಅಕ್ಕಯ್ಯಮ್ಮನಿಗೆ ಏನೂ ಹೇಳಲಿಲ್ಲ.

ನಮ್ಮ ಮಳೆ ಪಶ್ಚಿಮದ ಸಮುದ್ರದ್ದು. ಈ ಸೀಮೆಗೆ ಇನ್ನೊಂದು ಸಮುದ್ರವೂ ಮಳೆ ಕಳಿಸುತ್ತದೆ, ಪೂರ್ವದ್ದು. ಇವರು ಅದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟವರೇ. ಆದರೆ ನನಗಾಗಿ ಲೆಕ್ಕ ಹಾಕುವಾಗ ಪಶ್ಚಿಮಕ್ಕೆ ಬೆನ್ನುಮಾಡಿ ಓಡುವುದೊಂದೇ ತಲೆಯಲ್ಲಿತ್ತು. ದಸರೆ ಕಳೆದ ಮೇಲೆ ಮದ್ರಾಸಿನ ಕಡೆ ಸಮುದ್ರದಲ್ಲಿ ಗಾಳಿ ಎದ್ದಿತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ದಿನಗಟ್ಟಲೆ ಸೋನೆ ಹಿಡಿಯಿತು. ತುಂಬಿದ ಕೆರೆ ಕಾಣದ ಮಕ್ಕಳೆಲ್ಲ ಬೀದಿಯ ನೀರಿನಲ್ಲಿ ಕುಣಿದರು. ನಡುಮನೆಯಲ್ಲಿ ಆಗ ಹುಳ ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಥಂಡಿಗೆ ಸುಣ್ಣಕಟ್ಟು ರೋಗ ಬಂದರೆ ಹುಳ ಬೆಳ್ಳಗೆ ಬಿರುಸಾಗಿ ಸಾಯುತ್ತವೆ. ಅದಕ್ಕೆ ಅಕ್ಕಯ್ಯಮ್ಮ ಮೂಲೆಮೂಲೆಗೂ ಹೊಗೆಯಾಡದ ಕೆಂಡದ ಮಡಕೆಗಳನ್ನಿಟ್ಟು, ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾ ಹಗಲೂ ಇರುಳೂ ಕಾಯುತ್ತಿದ್ದಳು. ಹೊರಗೆ ಮಳೆ, ಗೋಡೆಯ ಮೇಲಿನಿಂದ ಇದ್ದಿಲಿನ ಕಮಟು, ಸುಣ್ಣದ ಧೂಳು. ಮೂರನೆಯ ಬೆಳಿಗ್ಗೆ ನನ್ನ ಎದೆ ಮುಚ್ಚಿಕೊಂಡಿತು.

ಉಬ್ಬಸ ಬಾರದವರಿಗೆ ಅದನ್ನು ವಿವರಿಸಿ ಪ್ರಯೋಜನವಿಲ್ಲ. ಗಾಳಿ ಎಲ್ಲ ಕಡೆ ಇರುತ್ತದೆ, ನಿಮಗೆ ಮಾತ್ರ ಇರುವುದಿಲ್ಲ. ಹಾಸಿಗೆಯ ಮೇಲೆ ದಿಂಬು ಪೇರಿಸಿಕೊಂಡು ಕೂತೆ. ಇವರು ಗೂಡಿನಿಂದ ಡಬ್ಬಿ ತೆಗೆದು, ತಟ್ಟೆಗೆ ಪುಡಿ ಸುರಿದು, ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. ನಾನು ಅವರ ಕೈಹಿಡಿದುಕೊಂಡೆ. ಹೊಗೆ ಎದ್ದರೆ ಗೋಡೆ ದಾಟಲು ಎಷ್ಟು ಹೊತ್ತು? ಆ ಹುಳಗಳನ್ನು ಅಕ್ಕಯ್ಯಮ್ಮ ತಿಂಗಳಿಡೀ ಮಕ್ಕಳಂತೆ ಸಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಇನ್ನು ನಾಲ್ಕು ದಿನ ತಿಂದರೆ ಗೂಡು ಕಟ್ಟುತ್ತಿದ್ದವು. ಇವರು ನನ್ನನ್ನು ಎತ್ತಿಕೊಂಡು ಹೊರಗೆ ಹೋಗಲು ನೋಡಿದರು. ಹೊರಗೆ ಮಳೆ, ಥಂಡಿಗಾಳಿ. ಬಾಗಿಲವರೆಗೆ ಹೋಗಿ ಹಿಂದೆ ಬಂದರು. ಆಗ ಅವರ ಮುಖ ನೋಡಿದೆ. ಪಾಠ ಮರೆತ ಮೇಷ್ಟ್ರ ಮುಖ. ನನಗೆ ಸಾವಿನ ಹೆದರಿಕೆ ಆಗಲಿಲ್ಲ, ಇವರನ್ನು ಬಿಟ್ಟು ತವರಿನ ಕೋಣೆಯಲ್ಲಿ ಕೂರಬೇಕಲ್ಲ ಎಂದು ಅಳು ಬಂತು. ಅಳುವುದಕ್ಕೂ ಉಸಿರು ಬೇಕು, ಅದೂ ಇರಲಿಲ್ಲ.

ನನ್ನ ಎದೆಯ ಸದ್ದು ಗೋಡೆ ದಾಟಿತ್ತು. ಬಾಗಿಲಲ್ಲಿ ಅಕ್ಕಯ್ಯಮ್ಮ ಬಂದು ನಿಂತಳು, ಕೈಯೆಲ್ಲ ಸುಣ್ಣ. ಹುಳದ ಕೆಲಸದ ಮಧ್ಯೆ ಅವಳು ಇನ್ನೊಬ್ಬರ ಹೊಸಿಲು ತುಳಿಯುವವಳಲ್ಲ, ತುಳಿದರೆ ತಲೆಗೆ ನೀರು ಹಾಕಿಕೊಂಡೇ ಹುಳದ ಹತ್ತಿರ ಹೋಗಬೇಕು. ನೇರ ಒಳಗೆ ಬಂದಳು. ತಟ್ಟೆಯಲ್ಲಿದ್ದ ಪುಡಿ ನೋಡಿದಳು.

"ಇದು ಹಚ್ಚಿದ್ರೆ ಉಸಿರು ಬರ್ತೈತಾ?" ಎಂದು ಇವರನ್ನು ಕೇಳಿದಳು. ಇವರು ತಲೆಯಾಡಿಸಿದರು.

"ಮತ್ತೆ ಯಾಕೆ ಹಚ್ಚಿಲ್ಲ?"

ಮಾತಾಡಲಾರದೆ ನಾನು ಗೋಡೆಯ ಮೇಲಿನ ಖಾಲಿ ಜಾಗ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಹುಚ್ಚಿ ಕಣೇ ನೀನು," ಎಂದಳು. "ಹುಳ ಹೋದ್ರೆ ಇನ್ನೊಂದು ಮೊಟ್ಟೆ ತರ್ತೀನಿ. ನಿನ್ನ ಎಲ್ಲಿಂದ ತರಲಿ?"

ಆಮೇಲೆ ನಡೆದದ್ದೆಲ್ಲ ಬಹಳ ಬೇಗ ನಡೆಯಿತು. ಪಿಳ್ಳಪ್ಪ ಏಣಿ ತಂದು ಗೋಡೆಗೆ ಆನಿಸಿ ಹತ್ತಿದ. ಅಕ್ಕಯ್ಯಮ್ಮ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಒಂದೊಂದಾಗಿ ತಂದು ಕೊಟ್ಟಳು, ಅವನು ಗೋಡೆಗೂ ಹೆಂಚಿಗೂ ನಡುವೆ ತುರುಕುತ್ತಾ ಹೋದ. ಕಂಬಳಿ, ಚಾಪೆ, ಹರಿದ ರಗ್ಗು, ರಾಗಿಚೀಲ. ಇವರೂ ನಮ್ಮ ಹೊದಿಕೆ ಜಮಖಾನಗಳನ್ನು ಎತ್ತಿಕೊಟ್ಟರು, ಏಷ್ಯಾದ ನಕ್ಷೆಯನ್ನೂ ಮಡಚಿ ಒಂದು ಸಂದಿಗೆ ಸಿಕ್ಕಿಸಿದರು. ಕೊನೆಗೆ ತೊಲೆಯ ಪಕ್ಕ ಒಂದು ಮೊಳದಷ್ಟು ಕಿಂಡಿ ಉಳಿಯಿತು. ತುರುಕಲು ಏನೂ ಇರಲಿಲ್ಲ. ಅಕ್ಕಯ್ಯಮ್ಮ ಒಳಗೆ ಹೋಗಿ ಪೆಟ್ಟಿಗೆ ತೆರೆದು ತನ್ನ ಧಾರೆ ಸೀರೆ ತಂದಳು. ವರ್ಷವೆಲ್ಲ ರೇಷ್ಮೆ ಬೆಳೆಯುವ ಆ ಮನೆಯಲ್ಲಿ ಇದ್ದ ರೇಷ್ಮೆ ಸೀರೆ ಅದೊಂದೇ. ಪಿಳ್ಳಪ್ಪ ಏಣಿಯ ಮೇಲೆ ಒಂದು ಕ್ಷಣ ತಡೆದ. "ಹೂಂ, ಪೆಟ್ಟು," ಎಂದಳು, ಸಿಕ್ಕಿಸು ಎಂದು ತೆಲುಗಿನಲ್ಲಿ. ಸಿಕ್ಕಿಸಿದ.

ಇವರು ಪುಡಿಗೆ ಬೆಂಕಿ ಹಚ್ಚಿದರು. ಹೊಗೆ ನನ್ನ ಮುಖಕ್ಕೆ ಬಂತು. ಕಹಿ, ಘಾಟು. ಸೇದಿದೆ, ಕೆಮ್ಮಿದೆ, ಮತ್ತೆ ಸೇದಿದೆ. ಸ್ವಲ್ಪ ಹೊತ್ತಿನಲ್ಲಿ ಎದೆಯೊಳಗಿನ ಗಂಟು ಒಂದೊಂದೇ ಎಳೆ ಸಡಿಲವಾಗುತ್ತಾ ಬಂತು. ಕಣ್ಣು ಬಿಟ್ಟು ನೋಡುತ್ತೇನೆ, ಇವರು ಮೇಲೆ ನೋಡುತ್ತಾ ನಿಂತಿದ್ದಾರೆ. ಮೇಲೆ ಕಂಬಳಿಗಳ ಸಾಲು, ಉಬ್ಬುತಗ್ಗಾಗಿ, ತುದಿಯಲ್ಲಿ ಸೀರೆಯ ಜರಿಯಂಚು.

"ಹಿಮಾಲಯವನ್ನೇ ಎಬ್ಬಿಸಿಬಿಟ್ಟರಲ್ಲೇ," ಎಂದರು.

ಮಳೆ ಇನ್ನೂ ಕೆಲವು ದಿನ ಹಿಡಿದೇ ಇತ್ತು. ಅಷ್ಟೂ ದಿನ ಗಂಡ ಹೆಂಡತಿ ಹೊದೆಯಲು ಒಂದು ಚಿಂದಿಯೂ ಇಲ್ಲದೆ ಕೆಂಡದ ಮಡಕೆಯ ಪಕ್ಕ ಮುದುರಿಕೊಂಡು ಮಲಗಿದರು. ನಾನು ದಿನಕ್ಕೆರಡು ಸಲ ಹೊಗೆ ಸೇದಿ ಚೇತರಿಸಿಕೊಂಡೆ. ಗೋಡೆಯ ಪಕ್ಕದ ಸಾಲಿನ ಹುಳಗಳು ಉಳಿಯಲಿಲ್ಲ. ಪಿಳ್ಳಪ್ಪ ಅವನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಹಾಕುವುದನ್ನು ಕಿಟಕಿಯಿಂದ ನೋಡಿದೆ. ನಮ್ಮ ಹೊಗೆಗೆ ಹೋದವೇ ಎಂದು ಇವರು ಸಣ್ಣ ದನಿಯಲ್ಲಿ ಕೇಳಿದರು. ಮಳೆಗೆ ಹೋದವು ಎಂದಳು ಅಕ್ಕಯ್ಯಮ್ಮ. ಮಳೆಗೋ ಹೊಗೆಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಹುಳ ಹಣ್ಣಾದವು, ಅಂದರೆ ಗೂಡು ಕಟ್ಟಲು ಸಿದ್ಧವಾಗಿ ಮೈ ಹೊಂಬಣ್ಣಕ್ಕೆ ತಿರುಗಿತು. ಆ ಬೆಳಿಗ್ಗೆ ಅವಳು ನನಗೆ ಸ್ನಾನ ಮಾಡಿ ಬರಲು ಹೇಳಿ, ನಡುಮನೆಯೊಳಕ್ಕೆ ಕರೆದುಕೊಂಡು ಹೋಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮುಂದೆ ಕೂರಿಸಿದಳು. ಮೊದಲನೆಯ ಹುಳವನ್ನು ಅದರ ಮೇಲೆ ನನ್ನ ಕೈಯಿಂದಲೇ ಬಿಡಿಸಿದಳು. ತಣ್ಣಗೆ, ಮೆತ್ತಗೆ, ಅಂಗೈಯಲ್ಲಿ ತಲೆಯಾಡಿಸುತ್ತಿತ್ತು. ನನ್ನ ಕೈ ಆ ಮನೆಗೆ ಆಗಿಬರುತ್ತದೆಂದು ಅವಳು ನಂಬಿದ್ದು ನೋಡಿ ಕಣ್ಣು ತುಂಬಿತು. ಹುಳದ ಮೇಲೆ ಕಣ್ಣೀರು ಬೀಳಿಸಬೇಡ ಎಂದು ಬೈದಳು.

ಸುಳ್ಳು ಹೇಳಲು ಬಾರದ ನಮ್ಮ ಮೇಷ್ಟ್ರು ನಡೆದದ್ದನ್ನೆಲ್ಲ ಊರಿಗೆ ತಿಳಿಸಿಬಿಟ್ಟಿದ್ದರು. ದೀಪಾವಳಿ ಕಳೆದ ವಾರ ಮಾವನವರು ಪುಟ್ಟ ರೈಲಿನಿಂದ ಇಳಿದರು. ಆಕಾಶ ತೊಳೆದಿಟ್ಟಂತಿತ್ತು, ಅವರ ಕಂಕುಳಲ್ಲಿ ಕೊಡೆ. ಕೈಕಾಲು ತೊಳೆದು, ಹೊರಗಿನ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಮಾತು ಕೊಟ್ಟಂತೆ ನಡೆದುಕೊಳ್ಳಿ ಎಂದಷ್ಟೇ ಹೇಳಿದರು. ನಾಳೆ ಬೆಳಗಿನ ಗಾಡಿಗೆ ನನ್ನನ್ನು ಕರೆದುಕೊಂಡು ಹೋಗುವುದು, ನೇರ ತವರಿಗೆ ಬಿಡುವುದು. ಇವರು ತಂದೆಗೆ ಎದುರಾಡಿದ್ದನ್ನು ನಾನು ಆ ದಿನವೇ ಮೊದಲು ಕಂಡದ್ದು. ಮಾವನವರು ದನಿ ಏರಿಸಲಿಲ್ಲ. ಒಂದು ಸಲ ಜೀವ ಉಳಿದಿದೆ, ಎರಡನೆಯ ಸಲ ಯಾರು ಹೊಣೆ ಎಂದರು. ನಾನು ಒಳಗೆ ಹೋಗಿ ಟ್ರಂಕಿಗೆ ಸೀರೆಗಳನ್ನು ಮಡಚಿಡತೊಡಗಿದೆ.

ಪಿಳ್ಳಪ್ಪ ಅಂದು ಬೆಳಿಗ್ಗೆಯಿಂದ ಏಣಿಯ ಮೇಲಿದ್ದ. ಬೆಳೆ ಮುಗಿದು ಗೂಡು ಮಾರಿದ್ದೇ, ಹಿತ್ತಲಿನಲ್ಲಿ ಮಣ್ಣು ಕಲಸಿ, ಇಟ್ಟಿಗೆ ಹೊಯ್ದು ಒಣಗಿಸಿ, ಅರ್ಧ ಗೋಡೆಯನ್ನು ಮೇಲಕ್ಕೆತ್ತುತ್ತಿದ್ದ. ಕಂಬಳಿಗಳಿದ್ದ ಜಾಗದಲ್ಲಿ ಇಟ್ಟಿಗೆ ಏರುತ್ತಿತ್ತು. ಮಾವನವರು ಹೊರಗೂ ಒಳಗೂ ಓಡಾಡುತ್ತಾ ಕೊನೆಗೆ ಅಲ್ಲಿ ನಿಂತರು. ಇದೇನು ಕಟ್ಟುತ್ತಿದ್ದೀರಿ ಎಂದು ಕೇಳಿದರು. ಮೇಷ್ಟ್ರ ಮನೆಯವರಿಗೆ ಥಂಡಿ, ಹೊಗೆ ಆಗದು, ಹೆಂಚಿನವರೆಗೂ ಮುಚ್ಚಿಬಿಡುತ್ತಿದ್ದೇನೆ ಎಂದ ಪಿಳ್ಳಪ್ಪ. ಹುಡುಗಿ ಹೋದ ಮೇಲೆ ಈ ಗೋಡೆ ನಿಮಗೆ ಯಾಕೆ ಎಂದರು ಮಾವನವರು.

ಪಿಳ್ಳಪ್ಪ ಮಣ್ಣು ಮೆತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಎಲ್ಲಿಗೆ ಹೋಗ್ತಾರೆ ಸ್ವಾಮಿ?" ಎಂದ.

ಅವನು ನಿಜವಾಗಿಯೂ ತಿಳಿಯದೆ ಕೇಳಿದ್ದು. ನಾನು ಹೋಗುವ ಸುದ್ದಿಯನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಮಾವನವರು ಪಕ್ಕದಲ್ಲಿದ್ದ ಒರಳುಕಲ್ಲಿನ ಮೇಲೆ ಕೂತು, ಕತ್ತಲಾಗುವವರೆಗೂ ಆ ಗೋಡೆ ಏರುವುದನ್ನೇ ನೋಡಿದರು. ನಡುವೆ ಒಂದು ಸಲ ಎದ್ದು ಹೋಗಿ ಕಲಸಿದ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ, ಏನೋ ಗೊಣಗಿಕೊಂಡು ಮತ್ತೆ ಬಂದು ಕೂತರು. ರಾತ್ರಿ ಊಟಕ್ಕೆ ಕೂತಾಗ ಒಗ್ಗರಣೆ ಹಾಕಿದ ಸಾರನ್ನು ಎರಡು ಸಲ ಬಡಿಸಿಕೊಂಡರು.

ಬೆಳಿಗ್ಗೆ ಸ್ಟೇಷನ್ನಿಗೆ ಮೂವರೂ ನಡೆದೆವು. ನನ್ನ ಟ್ರಂಕು ಇವರ ಹೆಗಲ ಮೇಲಿತ್ತು. ಅಕ್ಕಯ್ಯಮ್ಮ ಬಾಗಿಲವರೆಗೂ ಬಂದು, ಹೊರಟವಳಿಗೆ ಕುಂಕುಮವನ್ನೂ ಕೊಡದೆ ಒಳಗೆ ಹೋಗಿಬಿಟ್ಟಿದ್ದಳು. ಚಿಂತಾಮಣಿಯ ಕಡೆಯಿಂದ ಗಾಡಿ ಬಂತು. ಮಾವನವರು ಹತ್ತಿದರು. ಇವರು ಟ್ರಂಕನ್ನು ಮೇಲಕ್ಕೆತ್ತಿ ಕೊಡಲು ಹೋದಾಗ ಅವರು ಕೈ ಅಡ್ಡ ಹಿಡಿದರು. ಕಿಟಕಿಯಲ್ಲಿ ಕೂತು, ಕೊಡೆಯನ್ನು ಮೊಣಕಾಲ ನಡುವೆ ಇರಿಸಿಕೊಂಡು, ನನ್ನ ಮುಖ ನೋಡದೆ ಹೇಳಿದರು:

"ಗೋಡೆ ಪೂರ್ತಿ ಒಣಗುವವರೆಗೆ ಆ ಕೋಣೆಯಲ್ಲಿ ಮಲಗಬೇಡ ಮಗಾ. ಹಸಿ ಗೋಡೆ ನಿನಗೆ ಆಗುವುದಿಲ್ಲ."

ಗಾಡಿ ಹೊರಟಿತು. ಇವರು ಟ್ರಂಕನ್ನು ಮತ್ತೆ ಹೆಗಲಿಗೇರಿಸಿಕೊಂಡರು. ನಾನು ಇವರಿಗಿಂತ ಮುಂದೆ, ದೊಡ್ಡದೊಡ್ಡ ಹೆಜ್ಜೆ ಹಾಕಿಕೊಂಡು, ಬಾಯಿತುಂಬ ಗಾಳಿ ನುಂಗುತ್ತಾ ಮನೆಗೆ ನಡೆದೆ.